ಸುಸಂಗತೆ: ‘ರತ್ನಾವಳಿ’ಯ ಮರೆತ ಸಖಿ

ಕನ್ನಡದಲ್ಲಿ ಉಳಿದುಬಂದಿರುವ ನಾಟಕಗಳಲ್ಲಿ ಮೊದಲನೆಯದು ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’. ಚಿಕದೇವರಾಜ ಒಡೆಯರ (1673–1704) ಕಾಲದ ಈ ಕೃತಿಗೆ ಶ್ರೀಹರ್ಷನ ‘ರತ್ನಾವಳಿ’ಯೇ ಮೂಲ. ಆದಕಾರಣ ಕನ್ನಡ ನಾಟಕದ ಚರಿತ್ರೆಯನ್ನು ಅರಿಯಬಯಸುವವರಿಗೆ ಆ ಸಂಸ್ಕೃತ ನಾಟಿಕೆಯ ಪರಿಚಯ ಅವಶ್ಯಕ. ಅದನ್ನೋದಿದ ರಸಿಕರು ಉದಯನನ ಚಾಂಚಲ್ಯವನ್ನು, ವಾಸವದತ್ತೆಯ ಅಭಿಮಾನವನ್ನು, ವಸಂತಕನ ಹಾಸ್ಯವನ್ನು ಚರ್ಚಿಸುತ್ತಾರೆ. ಸುಸಂಗತೆಯ ಮಾತನ್ನೆತ್ತುವವರು ವಿರಳ. ನಾಯಿಕೆಗೊಬ್ಬ ಸಖಿ ಇರಬೇಕೆಂಬುದು ರೂಢಿ. ರೂಢಿಯಿಂದ ಬಂದವಳಿಗೆ ಸ್ವಂತ ವ್ಯಕ್ತಿತ್ವವೆಲ್ಲಿಯದು ಎಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು. ಆದರೆ ನಾಟಕವೇ ಈ ಭಾವನೆಗೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತದೆ.

ಎರಡನೆಯ ಅಂಕದಲ್ಲಿ ಸಾಗರಿಕೆ ಗುಟ್ಟಾಗಿ ರಾಜನ ಚಿತ್ರವನ್ನು ಬರೆಯುತ್ತಾಳೆ. ಸಿಕ್ಕಿಬಿದ್ದಾಗ ಅದು ಮನ್ಮಥನ ಚಿತ್ರವೆಂದು ಸಾಧಿಸುತ್ತಾಳೆ. ಸುಸಂಗತೆ ವಾದಕ್ಕಿಳಿಯುವುದಿಲ್ಲ. ಕುಂಚವನ್ನು ತೆಗೆದುಕೊಂಡು, ರತಿಯಿಲ್ಲದೆ ಚಿತ್ರ ಬರಿದಾಗಿದೆಯೆಂದು ಪಕ್ಕದಲ್ಲಿ ಸಾಗರಿಕೆಯನ್ನೇ ಬರೆದುಬಿಡುತ್ತಾಳೆ. ನುಡಿಯಲಾಗದುದನ್ನು ನಗುವಿನಲ್ಲಿ ಹೊರಗೆಡಹುವ ಈ ಜಾಣ್ಮೆ ವಿದೂಷಕನ ಹಾಸ್ಯಕ್ಕಿಂತ ಸೂಕ್ಷ್ಮವಾದುದು. ಮುಂದೆ ರಾಜನು ಅವಳ ಬಾಯಿ ಕಟ್ಟಲು ತನ್ನ ಕರ್ಣಾಭರಣವನ್ನು ನೀಡಹೋದಾಗ ಅವಳು ಅದನ್ನು ಒಲ್ಲೆನೆನ್ನುತ್ತಾಳೆ. ಚಿತ್ರ ಬರೆದುದಕ್ಕಾಗಿ ಮುನಿದಿರುವ ಗೆಳತಿಯನ್ನು ಬಂದು ಸಮಾಧಾನಗೊಳಿಸಿದರೆ ಅದೇ ತನಗೆ ದೊಡ್ಡ ಪ್ರಸಾದವೆಂದು ಬಿನ್ನವಿಸುತ್ತಾಳೆ.

ನಾಲ್ಕನೆಯ ಅಂಕ ಅವಳ ಕಣ್ಣೀರಿನೊಡನೆ ತೆರೆಯುತ್ತದೆ. ಬದುಕಿನ ಆಸೆ ತೊರೆದ ಸಾಗರಿಕೆ ಬ್ರಾಹ್ಮಣನೊಬ್ಬನಿಗೆ ಕೊಡೆಂದು ಒಪ್ಪಿಸಿಹೋದ ರತ್ನಮಾಲೆಯನ್ನು ಅವಳು ವಸಂತಕನಿಗೆ ಮುಟ್ಟಿಸುತ್ತಾಳೆ. ಸಿಂಹಳದ ಮಂತ್ರಿ ವಸುಭೂತಿಗೆ ಮೊದಲ ಕುರುಹು ದೊರೆಯುವುದು ಆ ಮಾಲೆಯಿಂದಲೇ. ಆದರೂ ಕೊನೆಯ ಸಂತೋಷದ ಕೂಟದಲ್ಲಿ ಸುಸಂಗತೆ ರಂಗದ ಮೇಲಿಲ್ಲ.

ಅವಳು ಕಥೆಯನ್ನು ಸಾಗಿಸುವ ಉಪಕರಣಮಾತ್ರವೆಂದು ಯಾರಾದರೂ ಆಕ್ಷೇಪಿಸಬಹುದು. ಚಿತ್ರಕ್ಕೂ ಮಾಲೆಗೂ ಆ ಮಾತು ಸಲ್ಲಬಹುದು. ಆಭರಣದ ನಿರಾಕರಣೆಗೆ ಸಲ್ಲದು. ಅವಳು ಅದನ್ನು ಸ್ವೀಕರಿಸಿದ್ದರೂ ಕಥೆ ಹೀಗೆಯೇ ನಡೆಯುತ್ತಿತ್ತು. ಕಥೆಗೆ ಬೇಡವಾದುದನ್ನು ಕವಿ ಕೊಟ್ಟನೆಂದರೆ ಅದು ಪಾತ್ರದ ಗೌರವಕ್ಕಾಗಿಯೇ ಹೊರತು ಬೇರೆಯದಕ್ಕಲ್ಲ.

ಹಡಗೊಡೆದು, ಹುಟ್ಟಿದ ಹೆಸರನ್ನೂ ಕಳೆದುಕೊಂಡು, ಪರರ ಅರಮನೆ ಸೇರಿದವಳು ಸಾಗರಿಕೆ. ಅವಳ ಕುಲವನ್ನರಿತ ಮಂತ್ರಿ ಯೌಗಂಧರಾಯಣನಿಗೆ ಅವಳು ರಾಜಕಾರ್ಯದ ಸಾಧನ. ಕುಲವನ್ನರಿಯದ ಸುಸಂಗತೆಗೆ ಗೆಳತಿ. ಹುಟ್ಟೂರನ್ನು ಬಿಟ್ಟು ಬಂದು ಹೈದರಾಬಾದಿನಂತಹ ನಗರದಲ್ಲಿ ನೆಲೆ ಕಂಡವರಿಗೆ ಈ ಎರಡರ ಅಂತರವನ್ನು ಯಾರೂ ವಿವರಿಸಬೇಕಾಗಿಲ್ಲ.