ಇಳಕಲ್ಲಿನ ಸೆರಗು

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿಗೆ ಎರಡು ಹೆಸರುಗಳಿವೆ: ನೆಲದೊಳಗಿನ ಕೆಂಪು ಗ್ರಾನೈಟಿನದು ಒಂದು, ಮಗ್ಗದ ಮೇಲಿನ ಸೀರೆಯದು ಇನ್ನೊಂದು. ನನ್ನ ಮನಸ್ಸು ವಾಲುವುದು ಎರಡನೆಯದರ ಕಡೆಗೇ.

ಈ ಸೀರೆಯ ನಿಜವಾದ ಬೆರಗು ಒಡಲು ಮತ್ತು ಸೆರಗು ಕೂಡುವ ಜಾಗದಲ್ಲಿದೆ. ಎರಡಕ್ಕೂ ಹಾಸು, ಅಂದರೆ ಮಗ್ಗದ ಉದ್ದದ ಎಳೆಗಳು, ಬೇರೆ ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಕೆಂಪು ಎಳೆಯನ್ನು ಕುಣಿಕೆಯಂತೆ ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಹೀಗೆ ಸಾವಿರಾರು ಕೊಂಡಿ ಬಿದ್ದ ಮೇಲಷ್ಟೇ ಲಾಳಿ ಓಡಬೇಕು. ಹತ್ತು ಸೀರೆಗೆ ಒಂದೇ ಉದ್ದ ಹಾಸು ಹೂಡುವ ಅನುಕೂಲ ಇಲ್ಲಿಲ್ಲ; ಪ್ರತಿ ಸೀರೆಗೂ ಕೊಂಡಿಯ ಕೆಲಸ ಹೊಸದಾಗಿಯೇ ಶುರು. ಈ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ಕೆಂಪು ಸೆರಗಿನಲ್ಲಿ ಬಿಳಿಯಾಗಿ ಮೂಡುವ ತೋಪುತೆನೆ ವಿನ್ಯಾಸ ಜೋಳದ ನಾಡಿನದೇ ಚಿತ್ರ. ಅಂಚುಗಳಲ್ಲಿ ಗೋಮಿಯೂ ಗಾಯತ್ರಿಯೂ ಹೆಸರಾದವು. ಕಸೂತಿ ಹಾಕಿದ ಇಳಕಲ್ಲ ಸೀರೆ, ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ: ಉತ್ತರ ಕರ್ನಾಟಕದ ಮದುವೆಮನೆಗಳಲ್ಲಿ ಈ ಜೋಡಿಗೆ ಇಂದಿಗೂ ಮರ್ಯಾದೆಯಿದೆ.

ನೇಯುವವರೊಬ್ಬರೇ ಈ ಊರನ್ನು ಕಟ್ಟಿಲ್ಲ. ಬಣ್ಣ ಅದ್ದುವವರು, ಹಾಸು ಹೂಡುವವರು, ಮನೆಯಲ್ಲೇ ಕಂಡಿಕೆ ಸುತ್ತುವ ಹೆಣ್ಣುಮಕ್ಕಳು, ಎಲ್ಲರ ದುಡಿಮೆಯೂ ಒಂದು ಸೀರೆಯಲ್ಲಿ ಕೂಡುತ್ತದೆ.

ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದರೂ ವಿದ್ಯುತ್ ಮಗ್ಗದ ಅಗ್ಗದ ನಕಲು ಕೈಮಗ್ಗವನ್ನು ಹಿಂದಕ್ಕೆ ತಳ್ಳುತ್ತಿದೆ. ಕೊಳ್ಳುವಾಗ ಸೆರಗು ಕೂಡುವ ಜಾಗವನ್ನು ತಿರುವಿ, ಕೊಂಡಿಯ ಸಾಲನ್ನು ನೋಡಿ. ಅದು ಕಂಡರೆ ಬೆಲೆಗೆ ಚೌಕಾಸಿ ಮಾಡಬೇಡಿ.