'ನಾರ್ಮಲ್' ಎಂಬ ವರದಿಯ ಪಕ್ಕದಲ್ಲಿ

ಒಳಕಿವಿಯ ಸ್ಕ್ಯಾನ್ ವರದಿಯನ್ನೂ ಒಂದು ಬರಹವೆಂದು ಓದಬಹುದು. ನನ್ನ ಮಟ್ಟಿಗೆ ಅದರ ಪೂರ್ವಜ ಬೊಲೊನ್ಯಾದ ಕಾರ್ಲೋ ಮೊಂಡಿನಿ 1791ರಲ್ಲಿ ಲ್ಯಾಟಿನ್‌ನಲ್ಲಿ ಬರೆದ ಪ್ರಬಂಧ. ಗಾಡಿಯಿಂದ ಕಾಲಿಗೆ ಪೆಟ್ಟಾಗಿ, ಗಾಯ ಕೊಳೆತು ಸತ್ತ ಎಂಟು ವರ್ಷದ ಹುಟ್ಟುಕಿವುಡ ಹುಡುಗನೊಬ್ಬ ಅದರಲ್ಲಿದ್ದಾನೆ. ಕಿವಿ ಕೊಯ್ದು ನೋಡಿದರೆ, ಎರಡೂವರೆ ಸುತ್ತು ಇರಬೇಕಾದ ಕಾಕ್ಲಿಯಾದಲ್ಲಿ ಒಂದೂವರೆ ಸುತ್ತೇ ಇತ್ತು. ಇಂದು ಸಿಟಿ, ಎಂಆರ್‌ಐಗಳು ಅದೇ ಸುತ್ತುಗಳನ್ನು ಬದುಕಿರುವ ಮಕ್ಕಳಲ್ಲಿ ಎಣಿಸುತ್ತವೆ. ಊನಕ್ಕೆ ವೈದ್ಯನ ಹೆಸರು ಬಂತು. ಹುಡುಗ ಸುತ್ತಿನ ಲೆಕ್ಕವಾಗಿ ಉಳಿದ.

ಲೆಕ್ಕ ದಂಡವೆಂದಲ್ಲ. ವೆಸ್ಟಿಬ್ಯುಲರ್ ಅಕ್ವಿಡಕ್ಟ್ ಎಂಬ ಸಣ್ಣ ನಾಳ ಅಗಲವಾಗಿರುವುದು ಕಂಡರೆ ವೈದ್ಯರು ಪೆಂಡ್ರೆಡ್ ಸಿಂಡ್ರೋಮಿನ ಜೀನನ್ನು ಹುಡುಕುತ್ತಾರೆ, ಮಗುವಿನ ತಲೆಗೆ ಏಟು ಬೀಳದಂತೆ ನೋಡಿಕೊಳ್ಳಿ ಎನ್ನುತ್ತಾರೆ. ಸಣ್ಣ ಪೆಟ್ಟಿಗೂ ಉಳಿದ ಶ್ರವಣ ಹೋಗಬಹುದು. ಆದರೆ ಆನುವಂಶಿಕ ಕಿವುಡುತನಕ್ಕೆ ಅನೇಕ ಜನಾಂಗಗಳಲ್ಲಿ ಮುಖ್ಯ ಕಾರಣವಾದ ಜಿಜೆಬಿ2 ಜೀನಿನ ದೋಷದಲ್ಲಿ ಸ್ಕ್ಯಾನ್ ಬಹುಮಟ್ಟಿಗೆ 'ನಾರ್ಮಲ್' ಎಂದೇ ಹೇಳುತ್ತದೆ. ಕೆಟ್ಟಿರುವುದು ಜೀವಕೋಶಗಳ ನಡುವಿನ ದಾರಿ. ಅದು ಚಿತ್ರಕ್ಕೆ ಸಿಗುವಷ್ಟು ದೊಡ್ಡದಲ್ಲ. ಕಿವಿ ಕೇಳದ ಮಗುವಿನ ಕೈಗೆ ನಾರ್ಮಲ್ ಎಂಬ ಕಾಗದ! ನಮ್ಮ ನವ್ಯ ಕತೆಗಾರರಿಗೂ ಇಂಥ ವ್ಯಂಗ್ಯ ಸುಲಭಕ್ಕೆ ಹೊಳೆಯದು.

ಈ ಕಾಗದದ ಪಕ್ಕದಲ್ಲಿ ಮಾನವಶಾಸ್ತ್ರಜ್ಞೆ ನೋರಾ ಎಲೆನ್ ಗ್ರೋಸ್ ಅವರ 'ಎವ್ರಿವನ್ ಹಿಯರ್ ಸ್ಪೋಕ್ ಸೈನ್ ಲ್ಯಾಂಗ್ವೇಜ್' (1985) ಇಟ್ಟು ನೋಡಬೇಕು. ಅಮೆರಿಕದ ಮಾರ್ಥಾಸ್ ವಿನ್ಯಾರ್ಡ್ ದ್ವೀಪದಲ್ಲಿ ಎರಡು ಶತಮಾನಕ್ಕೂ ಹೆಚ್ಚು ಕಾಲ ಕಿವುಡುತನ ವಂಶದಲ್ಲಿ ಹರಿದುಬಂದಿತ್ತು. ಚಿಲ್‌ಮಾರ್ಕ್ ಊರಿನಲ್ಲಂತೂ ಸುಮಾರು 25 ಜನರಿಗೆ ಒಬ್ಬರು ಕಿವುಡರು. ಗ್ರೋಸ್ ವಂಶಾವಳಿ ಹಿಡಿದು ಇಂಗ್ಲೆಂಡಿನ ಕೆಂಟ್‌ವರೆಗೆ ಹೋಗುತ್ತಾರೆ. ಆದರೆ ಪುಸ್ತಕದ ಜೀವ ಇರುವುದು ಮುದುಕರ ನೆನಪಿನಲ್ಲಿ. ಅವರಿಗೆ ಮೊದಲು ನೆನಪಾಗುವುದು ಒಬ್ಬ ಒಳ್ಳೆಯ ಮೀನುಗಾರ, ಒಬ್ಬ ರೈತ. ಆತ ಕಿವುಡನಿದ್ದ ಎಂಬುದು ಕೆದಕಿ ಕೇಳಿದ ಮೇಲೆ ಬರುತ್ತದೆ. ಕೇಳಬಲ್ಲವರೂ ಸನ್ನೆಭಾಷೆ ಆಡುತ್ತಿದ್ದ ಊರಲ್ಲಿ ಅದು ಎದ್ದು ಕಾಣುವ ಸಂಗತಿಯಾಗಿರಲಿಲ್ಲ.

ನನ್ನ ತಕರಾರು ಇಲ್ಲೇ ಇದೆ. ಆ ವಂಶಗಳ ಕೊನೆಯ ಕಿವುಡರು 1952ರಲ್ಲೇ ತೀರಿಕೊಂಡಿದ್ದರು. ಗ್ರೋಸ್‌ಗೆ ಮಾತಿಗೆ ಸಿಕ್ಕವರು ಕೇಳಬಲ್ಲವರು. ಅವರಿಗೆ ಸನ್ನೆ ಎಷ್ಟು ಚೆನ್ನಾಗಿ ಬರುತ್ತಿತ್ತು, ಕೇಳುವವರೇ ತುಂಬಿದ್ದ ಮನೆಯೊಳಗೆ ಕಿವುಡ ಮಗಳಿಗೆ ಯಾವ ಮಾತು ತಪ್ಪಿಹೋಯಿತು ಎಂದು ಹೇಳಬೇಕಾದವರು ಪುಸ್ತಕದಲ್ಲಿ ಇಲ್ಲ. ಶೀರ್ಷಿಕೆಯ 'ಎಲ್ಲರೂ' ಎಂಬ ಪದಕ್ಕೆ ಸಹಿ ಹಾಕಿದವರು ಒಂದೇ ಕಡೆಯವರು. ಆದರೂ ಯಾರ ದೋಣಿ ಯಾವುದು, ಯಾರು ಯಾರನ್ನು ಮದುವೆಯಾದರು ಎಂಬುದಾದರೂ ಇಲ್ಲಿ ಸಿಗುತ್ತದೆ. ಮೊಂಡಿನಿಯ ಹುಡುಗ ತನ್ನ ತಾಯಿಯೊಡನೆ ಹೇಗೆ ಮಾತಾಡುತ್ತಿದ್ದ ಎಂದು ತಿಳಿಯಲು ಕೊಯ್ದ ಕಿವಿಯಿಂದ ಸಾಧ್ಯವಿಲ್ಲ.