ಭಯಕ್ಕೆ ಕೊಟ್ಟ ಕೂಲಿ

ಲಾರಿಯ ಬೆನ್ನ ಮೇಲೆ ಬರೆದ ಮಾತುಗಳನ್ನು ಓದಿ ನಗುವ ನಾವು, ಅದರ ಮುಂಭಾಗದಲ್ಲಿ ಕುಳಿತವರ ಕಡೆ ಕಣ್ಣು ಹಾಯಿಸುವುದು ಅಪರೂಪ. ಸಾಹಿತ್ಯವೂ ಇದಕ್ಕೆ ಹೊರತಾಗಿಲ್ಲ. ನೇಗಿಲು ಹಿಡಿದವನ ದುಡಿಮೆ ನಮ್ಮ ಕಾದಂಬರಿಗಳಿಗೆ ಬಂದಿದೆ. ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಹೆಂಗಸರು ಪಡುವ ಪಾಡು ಓದಿದವರ ಮೈಗೇ ಅಂಟಿಕೊಳ್ಳುತ್ತದೆ. ಟನ್ನುಗಟ್ಟಲೆ ಸರಕು ಹೊತ್ತು ಘಾಟಿ ಹತ್ತುವವನ ದುಡಿಮೆಯನ್ನು ಹಾಗೆ ಕಂಡ ಬರಹಗಾರ ಮಾತ್ರ ನನ್ನ ಓದಿನಲ್ಲಿ ಇನ್ನೂ ಸಿಕ್ಕಿಲ್ಲ. ಈ ಕೊರತೆ ಮನಸ್ಸಿಗೆ ಬಂದಾಗಲೆಲ್ಲ ನಾನು ಒಂದು ಫ್ರೆಂಚ್ ಚಿತ್ರದ ಕಡೆಗೆ ಮರಳುತ್ತೇನೆ.

ಅದು ಆನ್ರಿ-ಜಾರ್ಜ್ ಕ್ಲೂಜೋ ನಿರ್ದೇಶಿಸಿದ ‘ಭಯದ ಕೂಲಿ’. ಜಾರ್ಜ್ ಆರ್ನೋ 1950ರಲ್ಲಿ ಪ್ರಕಟಿಸಿದ ಕಾದಂಬರಿ ಅದರ ಮೂಲ. 1953ರಲ್ಲಿ ತೆರೆಕಂಡು, ಅದೇ ವರ್ಷ ಕಾನ್ ಮತ್ತು ಬರ್ಲಿನ್ ಎರಡೂ ಉತ್ಸವಗಳಲ್ಲಿ ಅತ್ಯುನ್ನತ ಪ್ರಶಸ್ತಿ ಪಡೆಯಿತು. ಕಥೆ ಸರಳ. ದಕ್ಷಿಣ ಅಮೆರಿಕದ ಒಂದು ಹಾಳೂರು. ಮುನ್ನೂರು ಮೈಲಿ ದೂರದಲ್ಲಿ ಅಮೆರಿಕನ್ ಕಂಪೆನಿಯ ತೈಲಬಾವಿಗೆ ಬೆಂಕಿ ಬಿದ್ದಿದೆ. ಅದನ್ನು ಆರಿಸಲು ಸ್ಫೋಟವೇ ಬೇಕು. ಸ್ಫೋಟಕ್ಕೆ ನೈಟ್ರೋಗ್ಲಿಸರಿನ್ ಬೇಕು. ಎರಡು ಲಾರಿ, ನಾಲ್ಕು ಜನ, ತಲೆಗೆ 2000 ಡಾಲರ್.

ನೈಟ್ರೋಗ್ಲಿಸರಿನ್ ಎಂಥ ದ್ರವವೆಂದರೆ, ಆಲ್ಫ್ರೆಡ್ ನೊಬೆಲ್‌ನ ಸ್ವಂತ ತಮ್ಮನೇ 1864ರಲ್ಲಿ ಅದರ ಸ್ಫೋಟಕ್ಕೆ ಬಲಿಯಾದ. ಒಂದು ಬಗೆಯ ಮಣ್ಣಿಗೆ ಅದನ್ನು ಹೀರಿಸಿ ಡೈನಮೈಟ್ ಮಾಡಿದ ಮೇಲೆಯೇ ಅದು ಸ್ವಲ್ಪ ಪಳಗಿದ್ದು. ಪಳಗಿಸದ ಆ ದ್ರವವನ್ನು ತುಂಬಿಕೊಂಡು ಕಲ್ಲುರಸ್ತೆಯ ಮೇಲೆ ಲಾರಿ ಓಡಿಸಬೇಕು. ಕಂಪೆನಿಯ ಸಂಘಟಿತ ಚಾಲಕರನ್ನು ಇದಕ್ಕೆ ಕಳಿಸುವಂತಿಲ್ಲ. ಊರಲ್ಲಿ ಬಿದ್ದಿರುವ ಅಲೆಮಾರಿಗಳು ಸತ್ತರೆ ಕೇಳಲು ಸಂಘವೂ ಇಲ್ಲ, ಸಂಸಾರವೂ ಇಲ್ಲ. ಆದ್ದರಿಂದ ಅವರೇ ಆಗಬಹುದೆಂದು ಅಧಿಕಾರಿ ಲೆಕ್ಕ ಹಾಕುತ್ತಾನೆ. 1955ರಲ್ಲಿ ಚಿತ್ರ ಅಮೆರಿಕದ ಥಿಯೇಟರುಗಳಿಗೆ ಹೋದಾಗ ಕಂಪೆನಿಗೆ ಮುಜುಗರ ತರುವ ಭಾಗಗಳಿಗೆ ಕತ್ತರಿ ಬಿತ್ತು. ಕತ್ತರಿ ಹಿಡಿದವರಿಗೆ ಚಿತ್ರ ಚೆನ್ನಾಗಿಯೇ ಅರ್ಥವಾಗಿತ್ತೆಂದು ತೋರುತ್ತದೆ.

ಜನ ಇದನ್ನು ರೋಮಾಂಚಕ ಚಿತ್ರವೆಂದು ಹೊಗಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಅದರಲ್ಲಿರುವ ಕೆಲಸ. ತಗಡಿನ ಛಾವಣಿಯಂತೆ ಏರುತಗ್ಗಾದ ರಸ್ತೆ ಬರುತ್ತದೆ. ಅಲ್ಲಿ ಒಂದೋ ಆಮೆಯಂತೆ ತೆವಳಬೇಕು, ಇಲ್ಲವೇ ಗಾಲಿಗಳು ದಿಣ್ಣೆಯಿಂದ ದಿಣ್ಣೆಗೆ ತೇಲುವಷ್ಟು ವೇಗವಾಗಿ ಹೋಗಬೇಕು. ನಡುವಣ ವೇಗವೇ ಸಾವು. ಮುಂದೆ ಕಡಿದಾದ ತಿರುವು. ಒಂದೇ ಸಲಕ್ಕೆ ಲಾರಿ ತಿರುಗದು. ಪ್ರಪಾತದ ಮೇಲೆ ಚಾಚಿಕೊಂಡ ಲಡ್ಡು ಹಿಡಿದ ಮರದ ಅಟ್ಟದ ಮೇಲೆ ಹಿಮ್ಮುಖವಾಗಿ ಹೋಗಬೇಕು. ಕ್ಲೂಜೋ ಇಲ್ಲಿ ಅವಸರಪಡುವುದಿಲ್ಲ. ಗಾಲಿ, ಹಲಗೆ, ಬೆವರಿದ ಮುಖ, ಮತ್ತೆ ಗಾಲಿ. ಘಾಟಿಯಲ್ಲಿ ಒಮ್ಮೆಯಾದರೂ ಲಾರಿಯ ಹಿಂದೆ ಸಿಕ್ಕಿಕೊಂಡವರಿಗೆ ಇದು ಪರದೇಶದ ಕಥೆಯೆನಿಸದು.

ಚಿತ್ರದ ಜೀವ ಇರುವುದು ಜೋ ಎಂಬ ಮುದುಕನಲ್ಲಿ. ಶಾರ್ಲ್ ವಾನೆಲ್ ಈ ಪಾತ್ರವನ್ನು ಅದ್ಭುತವಾಗಿ ನಿರ್ವಹಿಸಿದ್ದಾನೆ. ಊರಲ್ಲಿ ಗಂಡೆದೆಯವನಂತೆ ಮೆರೆದವನು ಲಾರಿ ಹೊರಟೊಡನೆ ಕುಸಿಯುತ್ತಾನೆ. ಈವ್ ಮೊಂತಾನ ಮಾರಿಯೋ ಛೀಮಾರಿ ಹಾಕಿದಾಗ ಅವನು ಕೊಡುವ ಸಮಾಧಾನ ವಿಚಿತ್ರವಾದದ್ದು: ಕೂಲಿ ಕೊಡುವುದು ಓಡಿಸುವುದಕ್ಕೆ ಮಾತ್ರವಲ್ಲ, ಹೆದರುವುದಕ್ಕೂ, ನೀನು ಓಡಿಸು, ನಾನು ಹೆದರುತ್ತೇನೆ, ಕೆಲಸ ಹಂಚಿಕೊಂಡಂತಾಯಿತು! ಪ್ರೇಕ್ಷಕರು ಇದನ್ನು ಹೇಡಿಯ ನೆಪವೆಂದು ತಳ್ಳಿಹಾಕುತ್ತಾರೆ. ನನಗೆ ಇಡೀ ಚಿತ್ರದಲ್ಲಿ ಇದಕ್ಕಿಂತ ನಿಜವಾದ ಮಾತು ಕಂಡಿಲ್ಲ. ಚಕ್ರ ಹಿಡಿದವನ ಕೈಗೆ ಕೆಲಸವಿದೆ, ಆದ್ದರಿಂದ ಅವನ ಭಯಕ್ಕೆ ಬಿಡುವಿಲ್ಲ. ಪಕ್ಕದಲ್ಲಿ ಕುಳಿತವನಿಗೆ ಭಯವೇ ಕೆಲಸ. ನಮ್ಮ ಲಾರಿಗಳ ಕ್ಲೀನರ್ ಹುಡುಗನನ್ನು ನೆನೆಯಿರಿ. ಗಾಲಿಗೆ ಕಲ್ಲು ಕೊಡುವವನು ಅವನು, ಲಾರಿ ಹಿಂದಕ್ಕೆ ಬರುವಾಗ ಕತ್ತಲಲ್ಲಿ ಇಳಿದು ತಗಡು ತಟ್ಟುತ್ತ ಕೂಗುವವನು ಅವನು. ಜೋ ಕೂಡ ಕೊನೆಗೆ ತೈಲ ತುಂಬಿದ ಹೊಂಡಕ್ಕಿಳಿದು ಲಾರಿಗೆ ದಾರಿ ತೋರುತ್ತಾನೆ. ಲಾರಿ ನಿಂತರೆ ಹೂತುಹೋಗುತ್ತದೆ. ಮಾರಿಯೋ ನಿಲ್ಲಿಸದೆ ಅವನ ಕಾಲ ಮೇಲೆಯೇ ಗಾಲಿ ಹಾಯಿಸುತ್ತಾನೆ.

ಆ ಹೊಂಡವಾದದ್ದು ಇನ್ನೊಂದು ಲಾರಿ ಸಿಡಿದು. ಅದರಲ್ಲಿದ್ದ ಲೂಯಿಜಿಯ ಶ್ವಾಸಕೋಶವನ್ನು ಸಿಮೆಂಟಿನ ಧೂಳು ಮೊದಲೇ ತಿಂದಿತ್ತು. ನಿಧಾನದ ಸಾವಿಗಿಂತ ಈ ಪಂದ್ಯ ವಾಸಿಯೆಂದು ಹೊರಟವನು ಅವನು. ಸ್ಫೋಟವನ್ನು ಕ್ಲೂಜೋ ಹತ್ತಿರದಿಂದ ತೋರಿಸುವುದೇ ಇಲ್ಲ. ಜೋ ಸುತ್ತುತ್ತಿದ್ದ ಸಿಗರೇಟಿನ ಕಾಗದದಿಂದ ತಂಬಾಕು ಹಾರಿಹೋಗುತ್ತದೆ. ಅಷ್ಟೆ.

ಇದೆಲ್ಲ ಹಳೆಯ ಮಾತೆನ್ನುವಂತಿಲ್ಲ. 2013ರಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅನಿಲ ಟ್ಯಾಂಕರೊಂದು ಉರುಳಿ ಹೊತ್ತಿಕೊಂಡಾಗ ರಸ್ತೆ ಬದಿಯ ಮನೆಗಳವರೂ ಸುಟ್ಟುಹೋದರು. ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ದುಡಿಮೆಯೆಂದು ದೇಶದ ಕಾನೂನು 1961ರಲ್ಲೇ ಬರೆದಿತ್ತು. ರಾತ್ರಿ ಹೆದ್ದಾರಿಯ ಬದಿಯ ಹೋಟೆಲುಗಳಲ್ಲಿ ಕಣ್ಣು ಕೆಂಪಾದ ಚಾಲಕರನ್ನು ಕಂಡವರಿಗೆ ಆ ಬರಹದ ಬೆಲೆ ಗೊತ್ತು.

ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. ನೆಲ ಒರೆಸುವ ಲಿಂಡಾಳನ್ನು ನಿರ್ದೇಶಕ ಸಾಕುಪ್ರಾಣಿಗಿಂತ ಮೇಲೆ ಕಂಡಿಲ್ಲ. ಮುಕ್ತಾಯವಂತೂ ನನಗೆ ಒಪ್ಪಿಗೆಯಾಗದು. ಸರಕು ಮುಟ್ಟಿಸಿ, ಖಾಲಿ ಲಾರಿಯನ್ನು ವಾಲ್ಟ್ಸ್ ಸಂಗೀತಕ್ಕೆ ಕುಣಿಸುತ್ತ ಬರುವ ಮಾರಿಯೋ ಪ್ರಪಾತಕ್ಕೆ ಬೀಳುತ್ತಾನೆ. ಅದುವರೆಗೆ ರಸ್ತೆ ಮತ್ತು ಕಂಪೆನಿ ಮನುಷ್ಯರನ್ನು ಕೊಲ್ಲುತ್ತಿದ್ದವು. ಇಲ್ಲಿ ಮಾತ್ರ ಕಥೆಗಾರನೇ ಕೈಹಾಕಿ ತಳ್ಳಿದ್ದಾನೆ. ಬದುಕಿ ಊರು ಸೇರಿ, ಮರುವಾರ ಮತ್ತೊಂದು ಲಾರಿ ಹತ್ತಿದ್ದರೆ ಅದು ಇನ್ನೂ ಭಯಂಕರವಾಗುತ್ತಿತ್ತು.

ಇದೇ ಕಥೆಯನ್ನು ವಿಲಿಯಂ ಫ್ರೀಡ್ಕಿನ್ 1977ರಲ್ಲಿ ‘ಸಾರ್ಸರರ್’ ಎಂದು ಮತ್ತೆ ತೆಗೆದ. ಬಿರುಮಳೆಯಲ್ಲಿ ತೂಗಾಡುವ ಹಗ್ಗದ ಸೇತುವೆಯ ಮೇಲೆ ಲಾರಿ ದಾಟುವ ದೃಶ್ಯ ನೋಡಲೇಬೇಕಾದದ್ದು. ಆದರೂ ಅದನ್ನು ಸರ್ಕಸ್ಸಿನಂತೆ ಬೆರಗಿನಿಂದ ನೋಡಿದೆ. ಕ್ಲೂಜೋನ ಕೊಳೆತ ಹಲಗೆಯನ್ನು ಉಸಿರು ಬಿಗಿಹಿಡಿದು ನೋಡಿದೆ. ನೋಡಹೊರಟವರು ಮೊದಲ ಒಂದು ಗಂಟೆ ಲಾರಿಯೇ ಹೊರಡುವುದಿಲ್ಲವೆಂದು ಬೇಸರಪಟ್ಟು ಎದ್ದುಹೋಗದಿರಲಿ. ಆ ನಾಲ್ವರಿಗೆ ಬೇರೆ ದಾರಿಯಿಲ್ಲವೆಂಬುದು ಗೊತ್ತಾಗುವುದು ಆ ಒಂದು ಗಂಟೆಯಲ್ಲಿಯೇ.